ಈಡಿತ್ ಕೀಲರಳನ್ನು ಸಾಯಲು ಬಿಟ್ಟವರು ಯಾರು? ಒಂದು ಕಂತು, ಎರಡು ಚಿತ್ರಕಥೆ

‘ಸ್ಟಾರ್ ಟ್ರೆಕ್’ ಎಂಬ ಬಾಹ್ಯಾಕಾಶ ಯಾನದ ಧಾರಾವಾಹಿಯ ಮೊದಲ ಸೀಸನ್ ಮುಗಿಯಲು ಇನ್ನೊಂದೇ ವಾರ ಉಳಿದಿದ್ದಾಗ, 1967ರ ಏಪ್ರಿಲ್ 6ರ ಗುರುವಾರ, ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ‘ದಿ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್’ ಎಂಬ ಕಂತು ಪ್ರಸಾರವಾಯಿತು. ಆ ಧಾರಾವಾಹಿಯ ಅತ್ಯುತ್ತಮ ಕಂತು ಯಾವುದೆಂದು ಕೇಳಿದರೆ ಅಭಿಮಾನಿಗಳು ಇಂದಿಗೂ ಮೊದಲು ಹೇಳುವ ಹೆಸರುಗಳಲ್ಲಿ ಇದು ಒಂದು. ಆದರೆ ಲೇಖಕರೆಂದು ತೆರೆಯ ಮೇಲೆ ಯಾರ ಹೆಸರು ಮೂಡುತ್ತದೆಯೋ ಆ ಹಾರ್ಲನ್ ಎಲಿಸನ್, ತಾವು ಬರೆದುಕೊಟ್ಟ ಕಥೆಯನ್ನು ಬೇರೆಯವರು ಕೆಡಿಸಿದ್ದಾರೆಂದು ದಶಕಗಳ ಕಾಲ ಬರೆಯುತ್ತಲೇ, ಹೇಳುತ್ತಲೇ ಬಂದರು. 2018ರ ಜೂನ್‌ನಲ್ಲಿ ಅವರು ತೀರಿಕೊಂಡರು. ವಾದ ಮಾತ್ರ ಅವರೊಂದಿಗೆ ತೀರಲಿಲ್ಲ. ಮೂಲ ಚಿತ್ರಕಥೆ ಅಚ್ಚಾಗಿ ಓದುಗರ ಕೈಗೆ ಸಿಕ್ಕಿದೆ, 2014ರಲ್ಲಿ ಅದು ಐದು ಸಂಚಿಕೆಗಳ ಚಿತ್ರಕಾದಂಬರಿಯಾಗಿಯೂ ಹೊರಬಂದಿದೆ. ಹೀಗಾಗಿ ಎರಡನ್ನೂ ಅಕ್ಕಪಕ್ಕ ಇಟ್ಟು ತೂಗುವ ಅವಕಾಶ ಈಗ ಯಾರಿಗಾದರೂ ಇದೆ. ತೆರೆಗೆ ಬಂದದ್ದು ಹೆಚ್ಚೋ, ಕಾಗದದಲ್ಲೇ ಉಳಿದದ್ದು ಹೆಚ್ಚೋ ಎಂಬ ಪ್ರಶ್ನೆಗೆ ಅಭಿಮಾನಿಗಳು ಇನ್ನೂ ಒಂದು ಉತ್ತರಕ್ಕೆ ಬಂದಿಲ್ಲ.

ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಮುಂದೆ ಬರುವುದು ಮೂರು ಸಂಗತಿಗಳು: ಹಡಗಿನಲ್ಲಿ ಮಾದಕವಸ್ತು ಮಾರುವ ಪಾತ್ರ, ತಯಾರಿಕೆಯ ವೆಚ್ಚ, ಮತ್ತು ಇಬ್ಬರು ಪ್ರಬಲ ವ್ಯಕ್ತಿಗಳ ಜಗಳ. ಮೂರೂ ನಿಜವೇ. ಆದರೂ ಎರಡು ಪಠ್ಯಗಳನ್ನು ಬೇರ್ಪಡಿಸುವ ಗೆರೆ ಅಲ್ಲೆಲ್ಲೂ ಇಲ್ಲವೆಂದು ನನ್ನ ಅಭಿಪ್ರಾಯ. ಕಥೆಯ ಕೊನೆಗೆ, ಲಾರಿಯೊಂದು ರಸ್ತೆಯಲ್ಲಿ ನುಗ್ಗಿ ಬರುತ್ತಿರುವಾಗ, ಯಾರ ಕೈ ಯಾರನ್ನು ಹಿಡಿದು ನಿಲ್ಲಿಸುತ್ತದೆ ಎಂಬುದರಲ್ಲಿ ಆ ಗೆರೆ ಇದೆ.

ಕಂತನ್ನು ನೋಡಿರದವರಿಗಾಗಿ ಪ್ರಸಾರವಾದ ಕಥೆಯನ್ನು ಚಿಕ್ಕದಾಗಿ ಹೇಳಬೇಕು. ಎಂಟರ್‌ಪ್ರೈಸ್ ಎಂಬ ಬಾಹ್ಯಾಕಾಶ ಹಡಗಿನ ವೈದ್ಯ ಮೆಕಾಯ್ ಆಕಸ್ಮಿಕವಾಗಿ ಕಾರ್ಡ್ರಜೀನ್ ಎಂಬ ಔಷಧವನ್ನು ಮಿತಿಮೀರಿದ ಪ್ರಮಾಣದಲ್ಲಿ ತನಗೇ ಚುಚ್ಚಿಕೊಂಡು, ಬುದ್ಧಿ ಕೆಟ್ಟವನಂತೆ ಕೆಳಗಿನ ಪಾಳು ಗ್ರಹವೊಂದಕ್ಕೆ ಓಡಿಹೋಗುತ್ತಾನೆ. ಅಲ್ಲಿ ಕಾಲದ ಬಾಗಿಲಾಗಿ ನಿಂತ, ಮಾತನಾಡುವ ಕಲ್ಲಿನ ಕಮಾನು ಒಂದಿದೆ. ಅದರ ಹೆಸರು ‘ಗಾರ್ಡಿಯನ್ ಆಫ್ ಫಾರೆವರ್’. ಮೆಕಾಯ್ ಅದರೊಳಗೆ ಹಾರಿ ಭೂತಕಾಲಕ್ಕೆ ಜಾರುತ್ತಿದ್ದಂತೆ ಇತಿಹಾಸ ಬದಲಾಗಿ, ಆಕಾಶದಲ್ಲಿದ್ದ ಹಡಗು ಇಲ್ಲವಾಗುತ್ತದೆ. ನಾಯಕ ಕರ್ಕ್ ಮತ್ತು ವಲ್ಕನ್ ಎಂಬ ಅನ್ಯಗ್ರಹದಿಂದ ಬಂದ ಅವನ ಸಹೋದ್ಯೋಗಿ ಸ್ಪಾಕ್ ಅವನ ಬೆನ್ನು ಹತ್ತಿ 1930ರ ನ್ಯೂಯಾರ್ಕ್ ತಲುಪುತ್ತಾರೆ. ಅದು ಮಹಾ ಆರ್ಥಿಕ ಕುಸಿತದ ಕಾಲ. ನಿರ್ಗತಿಕರಿಗೆ ಊಟ, ಆಶ್ರಯ ಕೊಡುವ ಮಿಷನ್ ಒಂದನ್ನು ನಡೆಸುತ್ತಿರುವ ಈಡಿತ್ ಕೀಲರ್ ಎಂಬ ಹೆಣ್ಣನ್ನು ಕರ್ಕ್ ಪ್ರೀತಿಸತೊಡಗುತ್ತಾನೆ. ಕೈಗೆ ಸಿಕ್ಕಿದ ರೇಡಿಯೋ ಬಿಡಿಭಾಗಗಳಿಂದ ಸ್ಪಾಕ್ ಕಟ್ಟಿದ ಯಂತ್ರ ಆಕೆಯ ಎರಡು ಭವಿಷ್ಯಗಳನ್ನು ತೋರಿಸುತ್ತದೆ. ಒಂದರಲ್ಲಿ ಆಕೆ ರಸ್ತೆ ಅಪಘಾತದಲ್ಲಿ ಸಾಯುತ್ತಾಳೆ. ಇನ್ನೊಂದರಲ್ಲಿ ಬದುಕಿ, ಶಾಂತಿ ಚಳವಳಿಯೊಂದನ್ನು ಕಟ್ಟಿ, ಅಧ್ಯಕ್ಷ ರೂಸ್‌ವೆಲ್ಟರನ್ನೂ ಕಂಡು, ಎರಡನೆಯ ಮಹಾಯುದ್ಧಕ್ಕೆ ಅಮೆರಿಕ ಇಳಿಯುವುದನ್ನು ತಡವಾಗಿಸುತ್ತಾಳೆ. ಆ ತಡದಲ್ಲಿ ಜರ್ಮನಿ ಮೊದಲು ಅಣುಬಾಂಬ್ ತಯಾರಿಸಿ ಜಗತ್ತನ್ನು ಗೆಲ್ಲುತ್ತದೆ. ಮೆಕಾಯ್ ಮಾಡಿದ ಬದಲಾವಣೆ ಎಂದರೆ ಆಕೆಯ ಜೀವ ಉಳಿಸಿದ್ದು. ಕೊನೆಗೆ ಲಾರಿ ಬರುತ್ತಿರುವಾಗ ಮೆಕಾಯ್ ಆಕೆಯತ್ತ ಧಾವಿಸುತ್ತಾನೆ, ಕರ್ಕ್ ಅವನನ್ನು ಬಿಗಿದಪ್ಪಿ ತಡೆಯುತ್ತಾನೆ, ಈಡಿತ್ ಸಾಯುತ್ತಾಳೆ. ತಾನು ಉಳಿಸಬಹುದಿತ್ತು, ನೀನು ಮಾಡಿದ್ದೇನೆಂದು ನಿನಗೆ ಗೊತ್ತೇ ಎಂದು ವೈದ್ಯ ಕೂಗಿದಾಗ ಉತ್ತರಿಸುವವನು ಸ್ಪಾಕ್: ಅವನಿಗೆ ಗೊತ್ತು.

ಎಲಿಸನ್ ಬರೆದ ಮೂಲದಲ್ಲಿ ಮೆಕಾಯ್‌ಗೆ ಈ ಕೆಲಸವೇ ಇಲ್ಲ. ಅಲ್ಲಿ ಬೆಕ್ವಿತ್ ಎಂಬ ಅಧಿಕಾರಿಯೊಬ್ಬ ಹಡಗಿನ ಸಿಬ್ಬಂದಿಗೆ ‘ನಾದದ ಹರಳು’ಗಳೆಂಬ ಮಾದಕವಸ್ತು ಮಾರುತ್ತಿರುತ್ತಾನೆ. ಅವನ ಬಲೆಗೆ ಬಿದ್ದಿದ್ದ ಲೆಬೆಕ್ ಎಂಬ ಸಹೋದ್ಯೋಗಿ ಗುಟ್ಟು ಬಯಲು ಮಾಡಲು ಹೊರಟಾಗ ಅವನನ್ನು ಕೊಂದು, ಗ್ರಹಕ್ಕೆ ತಪ್ಪಿಸಿಕೊಂಡು, ಕಾಲದ ಬಾಗಿಲನ್ನು ಹೊಕ್ಕು ಹೋಗುತ್ತಾನೆ. ಆ ಬಾಗಿಲನ್ನು ಕಾಯುವವರು ಒಂಬತ್ತು ಅಡಿ ಎತ್ತರದ, ಬೂದು ನಿಲುವಂಗಿ ತೊಟ್ಟ, ಯುಗಗಳಿಂದ ಬದುಕಿರುವ ಕಾವಲುಗಾರರು. ಅವರ ಹಿಂದೆ ಬೆಟ್ಟದ ಮೇಲೊಂದು ನಗರ. ಶೀರ್ಷಿಕೆಯ ನಗರ ಅದೇ. ತೆರೆಗೆ ಬಂದ ಕಂತಿನಲ್ಲಿ ನಗರದ ಜಾಗದಲ್ಲಿ ಪಾಳು ಕಂಬಗಳಷ್ಟೇ ಉಳಿದ ಕಾರಣ, ಶೀರ್ಷಿಕೆ ಯಾವ ನಗರವನ್ನು ಕುರಿತದ್ದೆಂಬ ಸಣ್ಣ ವಾದವೂ ಅಭಿಮಾನಿಗಳ ನಡುವೆ ಬೆಳೆದಿದೆ. ಇತಿಹಾಸ ಬದಲಾದ ಮೇಲೆ ಎಂಟರ್‌ಪ್ರೈಸ್ ಇದ್ದ ಜಾಗದಲ್ಲಿ ‘ಕಾಂಡೋರ್’ ಎಂಬ ದರೋಡೆಕೋರರ ಹಡಗು ಪ್ರತ್ಯಕ್ಷವಾಗುತ್ತದೆ. ಹಳೆಯ ನ್ಯೂಯಾರ್ಕಿನಲ್ಲಿ ಕರ್ಕ್ ಮತ್ತು ಸ್ಪಾಕ್‌ಗೆ ನೆರವಾಗುವವನು ಟ್ರೂಪರ್ ಎಂಬ, ಮೊದಲ ಮಹಾಯುದ್ಧದಲ್ಲಿ ಕಾಲುಗಳನ್ನು ಕಳೆದುಕೊಂಡ ಮಾಜಿ ಸೈನಿಕ. ಈಡಿತ್ ಇಲ್ಲಿಯೂ ಇದ್ದಾಳೆ, ಆಕೆ ಸಾಯಲೇಬೇಕೆಂಬ ಕಟ್ಟಲೆಯೂ ಇದೆ.

ಕೊನೆ ಮಾತ್ರ ಬೇರೆ. ಮೂಲದಲ್ಲಿ ಈಡಿತ್‌ಳನ್ನು ಉಳಿಸಲು ಓಡುವವನು ಕೊಲೆಗಾರ ಬೆಕ್ವಿತ್. ಕರ್ಕ್ ಅವನನ್ನು ತಡೆಯಬೇಕು, ಆದರೆ ತಡೆಯಲಾಗುವುದಿಲ್ಲ. ಕರ್ತವ್ಯ ಏನೆಂದು ಸ್ಪಷ್ಟವಾಗಿ ಗೊತ್ತಿದ್ದೂ ಆ ಕ್ಷಣಕ್ಕೆ ಅವನು ಸೋಲುತ್ತಾನೆ. ಒಬ್ಬ ಹೆಣ್ಣಿಗಾಗಿ ಇಡೀ ಜಗತ್ತು ಹೋದರೂ ಹೋಗಲಿ ಎಂಬ ಸ್ಥಿತಿಗೆ ಅವನು ಬಂದಿರುತ್ತಾನೆ. ಬೆಕ್ವಿತ್‌ನನ್ನು ಹಿಡಿದು ನಿಲ್ಲಿಸುವವನು ಸ್ಪಾಕ್.

ಈ ಒಂದು ವ್ಯತ್ಯಾಸದ ಮೇಲೆ ಎಷ್ಟು ಭಾರ ನಿಂತಿದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಎಲಿಸನ್ ಬರೆದಿರುವುದರಲ್ಲಿ ಎರಡು ತಿರುವುಗಳು ಒಂದರೊಳಗೊಂದು ಸೇರಿಕೊಂಡಿವೆ. ಕಥೆಯುದ್ದಕ್ಕೂ ಕೆಟ್ಟದ್ದನ್ನೇ ಮಾಡಿದ ಮನುಷ್ಯ ಕೊನೆಗೆ, ಯಾವ ಲಾಭವೂ ಇಲ್ಲದೆ, ಅಪರಿಚಿತಳೊಬ್ಬಳನ್ನು ಉಳಿಸಲು ಮುನ್ನುಗ್ಗುತ್ತಾನೆ. ಅವನ ಬದುಕಿನಲ್ಲಿ ನಾವು ಕಾಣುವ ಒಂದೇ ಒಂದು ಒಳ್ಳೆಯ ಕೆಲಸ ಅದು, ಮತ್ತು ಜಗತ್ತು ಉಳಿಯಬೇಕಾದರೆ ಅದು ನಡೆಯಕೂಡದು. ಇತ್ತ, ಒಳ್ಳೆಯತನಕ್ಕೂ ಹೊಣೆಗಾರಿಕೆಗೂ ಮಾದರಿಯೆಂದು ಪ್ರತಿ ವಾರ ನಮ್ಮ ಮುಂದೆ ನಿಲ್ಲುತ್ತಿದ್ದ ನಾಯಕ ಅದೇ ಕ್ಷಣದಲ್ಲಿ ಹೊಣೆ ಮರೆತು ನಿಲ್ಲುತ್ತಾನೆ. ಒಳಿತು, ಕೆಡುಕುಗಳನ್ನು ಮನುಷ್ಯರ ಹಣೆಯ ಮೇಲೆ ಅಂಟಿಸಿ ಇಡಲಾಗದು ಎಂಬ ನಿಲುವು ಎಲಿಸನ್‌ರ ಬರವಣಿಗೆಯಲ್ಲಿ ಬೇರೆಡೆಯೂ ಕಾಣುತ್ತದೆ. ಇಲ್ಲಿ ಅದು ಒಂದೇ ದೃಶ್ಯದಲ್ಲಿ ಇಡಿಯಾಗಿ ಸಿಗುತ್ತದೆ. ಆ ಬಳಿಕ ಹಡಗಿನಲ್ಲಿ ಸ್ಪಾಕ್ ಕರ್ಕ್‌ನ ಕೋಣೆಗೆ ಬಂದು, ತನ್ನ ಗ್ರಹಕ್ಕೆ ಬಂದು ಸ್ವಲ್ಪ ದಿನ ವಿಶ್ರಮಿಸು ಎಂದು ಕರೆಯುವ, ಪ್ರೀತಿಗಾಗಿ ವಿಶ್ವವನ್ನೇ ಕೊಡಲು ಒಬ್ಬ ಮುಂದಾದನೆಂಬ ಹಿರಿಮೆ ಬೇರೆ ಯಾವ ಹೆಣ್ಣಿಗೂ ಸಿಕ್ಕಿಲ್ಲ ಎಂಬರ್ಥದ ಮಾತನಾಡುವ ದೃಶ್ಯವಿದೆ. ಭಾವನೆಗಳನ್ನು ಅದುಮಿಟ್ಟುಕೊಂಡ ಸ್ಪಾಕ್‌ನ ಬಾಯಲ್ಲಿ ಬರುವ ಈ ಸಾಂತ್ವನ ಮೂಲ ಚಿತ್ರಕಥೆಯ ಪರವಾಗಿ ವಾದಿಸುವವರು ಮೊದಲು ಉದಾಹರಿಸುವ ಭಾಗ. ಅದು ಕೈಬಿಟ್ಟುಹೋದದ್ದು ನಷ್ಟವೇ ಎಂದು ತೆರೆಯ ಆವೃತ್ತಿಯನ್ನು ಮೆಚ್ಚುವ ನನಗೂ ಅನಿಸುತ್ತದೆ.

ತಿದ್ದಿದವರು ಏನು ಮಾಡಿದರು? ಕೆಟ್ಟವನನ್ನು ತೆಗೆದುಹಾಕಿದರು. ಅವನ ಜಾಗದಲ್ಲಿ ನಾಯಕನ ಆಪ್ತಮಿತ್ರನನ್ನು, ಅದರಲ್ಲೂ ಜೀವ ಉಳಿಸುವುದನ್ನೇ ವೃತ್ತಿಯಾಗಿಸಿಕೊಂಡ ವೈದ್ಯನನ್ನು ನಿಲ್ಲಿಸಿದರು. ಮೆಕಾಯ್ ಈಡಿತ್‌ಳತ್ತ ಓಡುವುದಕ್ಕೆ ಯಾವ ವಿವರಣೆಯೂ ಬೇಕಿಲ್ಲ, ಅವನು ಮತ್ತೇನು ಮಾಡಿಯಾನು? ಹಾಗಾಗಿ ತಡೆಯುವ ಕೈ ಸ್ಪಾಕ್‌ನದ್ದಾಗಿದ್ದರೆ ದೃಶ್ಯ ಪೇಲವವಾಗುತ್ತಿತ್ತು. ಅದು ಕರ್ಕ್‌ನದೇ ಆಗಬೇಕು. ತಾನು ಪ್ರೀತಿಸುವವಳನ್ನು ತನ್ನ ಗೆಳೆಯ ಉಳಿಸಲು ಹೊರಟಾಗ, ಆ ಗೆಳೆಯನನ್ನು ತನ್ನ ತೋಳುಗಳಿಂದಲೇ ಕಟ್ಟಿ, ಕಣ್ಣು ಮುಚ್ಚಿ ನಿಲ್ಲುವ ಮನುಷ್ಯ. ಮೂಲದಲ್ಲಿ ಕರ್ಕ್‌ನ ದುಃಖ ಸೋತವನ ದುಃಖ. ತೆರೆಯ ಮೇಲೆ ಅದು ತನ್ನ ಕೈಯಿಂದಲೇ ಆದ ಕೆಲಸವನ್ನು ಹೊತ್ತುಕೊಂಡವನ ದುಃಖ. ಎರಡನೆಯದು ನಾಟಕೀಯವಾಗಿ ಹೆಚ್ಚು ಕ್ರೂರ, ಹೆಚ್ಚು ಗಟ್ಟಿ. ನೈತಿಕ ತೊಡಕಿನಲ್ಲಿ ಮೂಲ ಮುಂದಿದೆ, ದುರಂತದ ಬಿಗಿಯಲ್ಲಿ ತಿದ್ದುಪಡಿ ಮುಂದಿದೆ ಎಂಬುದು ನನ್ನ ತೀರ್ಪು. ಆ ದೃಶ್ಯದ ಮಟ್ಟಿಗೆ ನಾನು ತಿದ್ದುಪಡಿಯನ್ನೇ ಆರಿಸಿಕೊಳ್ಳುತ್ತೇನೆ.

ಧಾರಾವಾಹಿಯ ಸೃಷ್ಟಿಕರ್ತ ಜೀನ್ ರಾಡನ್‌ಬೆರಿಯವರಿಗೆ ಈ ಆಯ್ಕೆಯ ಹಿಂದೆ ವ್ಯಾವಹಾರಿಕ ಕಾರಣವೂ ಇತ್ತು, ಅದನ್ನು ಸಣ್ಣದೆಂದು ತಳ್ಳಿಹಾಕಲಾಗದು. ಮುಂದಿನ ಗುರುವಾರ ಅದೇ ಕರ್ಕ್ ಅದೇ ಕುರ್ಚಿಯಲ್ಲಿ ಕುಳಿತು ನಾಲ್ಕುನೂರಕ್ಕೂ ಹೆಚ್ಚು ಜನರ ಪ್ರಾಣದ ಹೊಣೆ ಹೊರಬೇಕು. ಒಮ್ಮೆ ಪ್ರೀತಿಗಾಗಿ ಅಷ್ಟೂ ಜನರನ್ನು ಬಿಟ್ಟುಕೊಡಲು ಸಿದ್ಧನಾದ ನಾಯಕನನ್ನು ವೀಕ್ಷಕರು ಏನೂ ಆಗಿಲ್ಲವೆಂಬಂತೆ ಒಪ್ಪಿಕೊಳ್ಳಬೇಕೆಂದರೆ ಹೇಗೆ? ಆ ಕಾಲದ ಅಮೆರಿಕದ ಧಾರಾವಾಹಿಗಳಲ್ಲಿ ಪ್ರತಿ ಕಂತೂ ತನ್ನಷ್ಟಕ್ಕೆ ಮುಗಿಯಬೇಕಿತ್ತು. ಒಂದು ವಾರದ ಗಾಯ ಮುಂದಿನ ವಾರಕ್ಕೆ ದಾಟುವ ಪದ್ಧತಿ ಇರಲಿಲ್ಲ. ಎಲಿಸನ್ ಬರೆದ ಕೊನೆಗೆ ನಂತರದ ಹಲವು ಕಂತುಗಳಲ್ಲಿ ಫಲ ಕಾಣಬೇಕಿತ್ತು. ಇಂದಿನ, ಒಂದೇ ಕಥೆಯನ್ನು ಇಡೀ ಸೀಸನ್‌ಗೆ ಹಬ್ಬಿಸುವ ಧಾರಾವಾಹಿಗಳಲ್ಲಿ ಅದು ಸುಲಭವಾಗಿ ಹೊಂದಿಕೊಳ್ಳುತ್ತಿತ್ತು. 1967ರ ಅಚ್ಚಿಗೆ ಅದು ಹೊಂದುವಂತಿರಲಿಲ್ಲ. ಇಂದಿನ ಧಾರಾವಾಹಿಗಳನ್ನು ನೋಡಿ ಬೆಳೆದವರಿಗೆ ಮೂಲವೇ ಹೆಚ್ಚು ಹಿಡಿಸಿದರೆ ಅದರಲ್ಲಿ ಆಶ್ಚರ್ಯಪಡುವಂಥದ್ದೇನಿಲ್ಲ.

ಮಾದಕವಸ್ತುವಿನ ಪ್ರಶ್ನೆಯನ್ನೂ ಇದೇ ಬೆಳಕಿನಲ್ಲಿ ನೋಡಬಹುದು. ರಾಡನ್‌ಬೆರಿಯವರ ಭವಿಷ್ಯದಲ್ಲಿ ಮನುಷ್ಯ ತನ್ನ ಸಣ್ಣತನಗಳನ್ನು ಬಹುಪಾಲು ದಾಟಿ ಬಂದಿದ್ದಾನೆ. ಅವರ ಹಡಗಿನ ಸಿಬ್ಬಂದಿ ಪರಸ್ಪರ ವಿಷ ಮಾರುವವರಾಗಲಾರರು. ಎಲಿಸನ್‌ರಿಗೆ ಆ ನಂಬಿಕೆ ಇರಲಿಲ್ಲ: ನೂರಾರು ಜನರು ವರ್ಷಗಟ್ಟಲೆ ಒಂದು ಲೋಹದ ಪೆಟ್ಟಿಗೆಯಲ್ಲಿ ಬದುಕಿದರೆ ಅವರಲ್ಲಿ ಕೆಲವರು ಕೆಡುವುದು ಸಹಜವೆಂಬುದು ಅವರ ವಾದ. ಈ ಭಿನ್ನಾಭಿಪ್ರಾಯ ಸುಳ್ಳುಗಳಿಗೂ ಎಡೆಕೊಟ್ಟಿತು. ಎಲಿಸನ್ ತಮ್ಮ ಚಿತ್ರಕಥೆಯಲ್ಲಿ ಎಂಜಿನಿಯರ್ ಸ್ಕಾಟಿಯ ಕೈಯಲ್ಲಿ ಮಾದಕವಸ್ತು ಮಾರಿಸಿದ್ದರು ಎಂದು ರಾಡನ್‌ಬೆರಿ ಸಂದರ್ಶನಗಳಲ್ಲಿ, ಅಭಿಮಾನಿಗಳ ಸಮಾವೇಶಗಳಲ್ಲಿ ವರ್ಷಗಳ ಕಾಲ ಹೇಳಿದರು. ಪ್ರಕಟವಾಗಿರುವ ಕರಡುಗಳಲ್ಲಿ ಅಂಥದ್ದಿಲ್ಲ. ಆದರೂ ಆ ಮಾತು ಅಭಿಮಾನಿಗಳ ನಡುವೆ ಬೇರೂರಿತು. ಎಲಿಸನ್ 1990ರ ದಶಕದ ನಡುವಿನಲ್ಲಿ ಮೂಲ ಚಿತ್ರಕಥೆಯನ್ನು ಪುಸ್ತಕವಾಗಿ ತಂದಾಗ ಅದಕ್ಕೆ ಬರೆದ ಉದ್ದನೆಯ, ಕೆರಳಿದ ಪ್ರಸ್ತಾವನೆಯ ಒಂದು ದೊಡ್ಡ ಭಾಗ ಇಂಥ ಮಾತುಗಳನ್ನು ಅಲ್ಲಗಳೆಯಲೆಂದೇ ಇದೆ.

ಹಣದ ವಿಚಾರ ಇಷ್ಟು ಸರಳವಲ್ಲ. ಎಲಿಸನ್ ಕಥೆಯ ಹಂದರವನ್ನು ಸಲ್ಲಿಸಿದ್ದು 1966ರ ಮಾರ್ಚ್‌ನಲ್ಲಿ, ಧಾರಾವಾಹಿ ಇನ್ನೂ ಪ್ರಸಾರಕ್ಕೇ ಬಂದಿರದಿದ್ದಾಗ. ಮೊದಲ ಕರಡು ಕೊಟ್ಟದ್ದು ಜೂನ್‌ನಲ್ಲಿ. ತಡವಾಗುತ್ತಿದೆಯೆಂದು ಸ್ಟುಡಿಯೋದಲ್ಲೇ ಒಂದು ಕೋಣೆ ಕೊಟ್ಟು ಅವರನ್ನು ಕೂರಿಸಿದ್ದರು, ಅವರು ಕಿಟಕಿಯಿಂದ ಹೊರಬೀಳುತ್ತಿದ್ದರು ಎಂಬ ಕಥೆ ನಿರ್ಮಾಪಕ ವರ್ಗದವರ ನೆನಪುಗಳಲ್ಲಿ ದಾಖಲಾಗಿದೆ. ಎತ್ತರದ ಕಾವಲುಗಾರರು, ಬೆಟ್ಟದ ನಗರ, ಎರಡನೆಯ ಹಡಗು ಮತ್ತು ಅದರ ಸಿಬ್ಬಂದಿ: ಇವೆಲ್ಲ ವಾರದ ಧಾರಾವಾಹಿಯ ಕೈಗೆಟಕುವಂಥವಲ್ಲ ಎಂಬುದು ನಿರ್ಮಾಪಕರ ವಾದ. ಇಷ್ಟನ್ನೂ ಕತ್ತರಿಸಿದ ಮೇಲೂ, 1967ರ ಫೆಬ್ರವರಿಯಲ್ಲಿ ಜೋಸೆಫ್ ಪೆವ್ನಿ ನಿರ್ದೇಶನದಲ್ಲಿ ಚಿತ್ರೀಕರಣಗೊಂಡ ಕಂತಿಗೆ ಸುಮಾರು 2,45,000 ಡಾಲರ್ ತಗುಲಿತು. ನಿಗದಿಯಾದುದಕ್ಕಿಂತ ಅದು ಸುಮಾರು 50,000 ಡಾಲರ್ ಹೆಚ್ಚು. ನ್ಯೂಯಾರ್ಕ್ ಎಂದು ನಾವು ನೋಡುವ ಬೀದಿ ‘ದಿ ಆಂಡಿ ಗ್ರಿಫಿತ್ ಶೋ’ ಎಂಬ ಹಳ್ಳಿಗಾಡಿನ ಹಾಸ್ಯ ಧಾರಾವಾಹಿಯ ಹೊರಾಂಗಣ ಸೆಟ್. ಕರ್ಕ್ ಮತ್ತು ಈಡಿತ್ ಕೈ ಹಿಡಿದು ನಡೆಯುವಾಗ ಆ ಧಾರಾವಾಹಿಯ ಪ್ರಸಿದ್ಧ ಕ್ಷೌರದಂಗಡಿಯ ಫಲಕ ಹಿನ್ನೆಲೆಯಲ್ಲಿ ಓದುವಷ್ಟು ಸ್ಪಷ್ಟವಾಗಿ ಕಾಣುತ್ತದೆ. ಒಮ್ಮೆ ಗಮನಿಸಿದರೆ ಮತ್ತೆ ಅದನ್ನು ಕಾಣದಿರುವುದು ಕಷ್ಟ.

ಆದರೆ ಕೈಯಲ್ಲಿ ಕಾಸಿಲ್ಲದ್ದೇ ಒಂದು ಕಡೆ ಕಥೆಗೆ ವರವಾಯಿತು. ದರೋಡೆಕೋರರ ಹಡಗನ್ನು ತೋರಿಸಲಾಗದೆ, ತಿದ್ದಿದವರು ಏನನ್ನೂ ತೋರಿಸದಿರಲು ನಿರ್ಧರಿಸಿದರು. ಹಡಗಿನ ಸಂಪರ್ಕ ಕಡಿದುಹೋಗುತ್ತದೆ, ಅಷ್ಟೇ. ನಮಗೆ ಗೊತ್ತಿದ್ದ ಭೂಮಿಯೇ ಈಗ ಇಲ್ಲ, ನಾವು ಪೂರ್ತಿ ಒಂಟಿಗಳು ಎಂದು ಕರ್ಕ್ ಹೇಳುವಲ್ಲಿಗೆ ಪ್ರಳಯ ಮುಗಿಯಿತು. ಖಡ್ಗ ಹಿಡಿದವರ ಗದ್ದಲಕ್ಕಿಂತ ಈ ಶೂನ್ಯ ಹೆಚ್ಚು ಭಯ ಹುಟ್ಟಿಸುತ್ತದೆಂಬ ಬಗ್ಗೆ ಎರಡೂ ಪಾಳೆಯದವರಲ್ಲಿ ಹೆಚ್ಚು ಭಿನ್ನಮತ ಕಾಣುವುದಿಲ್ಲ. ಮಾತನಾಡುವ ಕಲ್ಲಿನ ಕಮಾನು ಕೂಡ ಉಳಿದುಕೊಂಡಿತು: 1973ರ ಆನಿಮೇಷನ್ ಸರಣಿಯಲ್ಲೂ 2020ರಲ್ಲಿ ‘ಡಿಸ್ಕವರಿ’ ಸರಣಿಯಲ್ಲೂ ಗಾರ್ಡಿಯನ್ ಮತ್ತೆ ಬಂದಿದೆ.

ತಿದ್ದುಪಡಿಯನ್ನು ಹೊಗಳುವವರು ಸಾಮಾನ್ಯವಾಗಿ ಮುಟ್ಟದೆ ಬಿಡುವ ಒಂದು ಸಂಗತಿಯಿದೆ, ಅದು ಟ್ರೂಪರ್. ಎಲಿಸನ್‌ರ ಚಿತ್ರಕಥೆಯಲ್ಲಿ ಈ ಅಂಗವಿಕಲ ಸೈನಿಕ ಬೆಕ್ವಿತ್‌ನ ಆಯುಧಕ್ಕೆ ಬಲಿಯಾಗುತ್ತಾನೆ. ಈಡಿತ್‌ಳ ಬದುಕಿನಿಂದ ವಿಶ್ವದ ಗತಿಯೇ ಬದಲಾಗುತ್ತದೆ, ಆದರೆ ಇವನ ಸಾವಿನಿಂದ ಏನೂ ಬದಲಾಗುವುದಿಲ್ಲ. ಕಾಲದ ಲೆಕ್ಕದಲ್ಲಿ ಇವನು ನಗಣ್ಯ. ಆ ನಗಣ್ಯತೆ ಕರ್ಕ್‌ನನ್ನು ಕೊರೆಯುತ್ತದೆ, ಓದುವವರನ್ನೂ ಕೊರೆಯುತ್ತದೆ. ದೇಶಕ್ಕಾಗಿ ಕಾಲು ಕೊಟ್ಟವನನ್ನು ದೇಶ ಬೀದಿಯಲ್ಲಿ ಕೂರಿಸಿತು, ಇತಿಹಾಸ ಅವನ ಕಡೆಗೆ ತಿರುಗಿಯೂ ನೋಡಲಿಲ್ಲ. ಮಹಾಪುರುಷರಿಂದ, ಮಹಾಸ್ತ್ರೀಯರಿಂದ ಚರಿತ್ರೆ ನಡೆಯುತ್ತದೆ ಎಂಬ ಕಥೆಯ ಮುಖ್ಯ ಕಲ್ಪನೆಗೇ ಟ್ರೂಪರ್ ಒಳಗಿನಿಂದ ಹಾಕುವ ಸವಾಲು ಇದು.

ತೆರೆಯ ಮೇಲೆ ಅವನಿಲ್ಲ. ಅವನ ಬದಲಿಗೆ ಹಾಲಿನ ಸೀಸೆ ಕದಿಯುವ ಅಲೆಮಾರಿಯೊಬ್ಬ ಇದ್ದಾನೆ. ಮೈಮೇಲೆ ಎಚ್ಚರವಿಲ್ಲದೆ ಬಿದ್ದಿರುವ ಮೆಕಾಯ್‌ನ ಬಳಿಯಿಂದ ಆಯುಧ ಎಗರಿಸಿ, ಅದೇನೆಂದು ತಿಳಿಯದೆ ಒತ್ತಿ, ಕ್ಷಣದಲ್ಲಿ ಮಾಯವಾಗುತ್ತಾನೆ. ಅವನನ್ನು ಕುರಿತು ಮುಂದೆ ಯಾರೂ ಒಂದು ಮಾತೂ ಆಡುವುದಿಲ್ಲ. 1930ರಲ್ಲಿ ಒಬ್ಬ ಮನುಷ್ಯ ಸಾಯಬಾರದ ರೀತಿಯಲ್ಲಿ ಸತ್ತರೂ ಇತಿಹಾಸ ಹೇಗೆ ಕದಲಲಿಲ್ಲ ಎಂದು ಗಮನವಿಟ್ಟು ನೋಡುವ ಅಭಿಮಾನಿಗಳು ಕೇಳುತ್ತಲೇ ಇದ್ದಾರೆ. ಅದನ್ನು ತರ್ಕದ ತೂತೆಂದು ಕೆಲವರು ತಮಾಷೆ ಮಾಡುತ್ತಾರೆ. ನನಗದು ತಮಾಷೆಯಾಗಿ ಕಾಣುವುದಿಲ್ಲ: ಎಲಿಸನ್ ಪ್ರಶ್ನೆಯಾಗಿ ಎತ್ತಿದ್ದನ್ನೇ ತಿದ್ದಿದವರು ಪ್ರಶ್ನೆಯನ್ನು ಕಿತ್ತು, ಘಟನೆಯನ್ನಷ್ಟೇ ಉಳಿಸಿಕೊಂಡರು. ಇಡೀ ತಿದ್ದುಪಡಿಯಲ್ಲಿ ನನಗೆ ಸಮರ್ಥಿಸಲಾಗದ ಜಾಗ ಇದೊಂದು. ಟ್ರೂಪರ್‌ಗೆ ಬೇಕಿದ್ದುದು ಒಬ್ಬ ನಟ ಮತ್ತು ಒಂದು ತಳ್ಳುಹಲಗೆ. ಅವನನ್ನು ಬಿಡಲು ಹಣದ ನೆಪ ಹೇಳಲಾಗದು.

ಈಡಿತ್‌ಳ ಶಾಂತಿ ಚಳವಳಿಯ ವಿಷಯಕ್ಕೆ ಬಂದರೆ ಚರ್ಚೆ ಧಾರಾವಾಹಿಯ ಆಚೆಗೂ ಹರಡುತ್ತದೆ. ವಿಯೆಟ್ನಾಂ ಯುದ್ಧ ಉಲ್ಬಣಿಸುತ್ತಿದ್ದ ಕಾಲದಲ್ಲಿ ಪ್ರಸಾರವಾದ ಈ ಕಂತು, ಶಾಂತಿಯನ್ನು ಬೋಧಿಸುವ ಒಳ್ಳೆಯ ಹೆಣ್ಣೊಬ್ಬಳು ಸತ್ತರೇ ಜಗತ್ತಿಗೆ ಕ್ಷೇಮ ಎಂದು ಹೇಳುತ್ತದೆ. ಕಂತು ಬರುವ ಎರಡೇ ದಿನ ಮೊದಲು, ಏಪ್ರಿಲ್ 4ರಂದು, ಮಾರ್ಟಿನ್ ಲೂಥರ್ ಕಿಂಗ್ ಅದೇ ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿ ನಿಂತು ವಿಯೆಟ್ನಾಂ ಯುದ್ಧವನ್ನು ಬಹಿರಂಗವಾಗಿ ಖಂಡಿಸಿದ್ದರು. ಚಿತ್ರೀಕರಣ ಎರಡು ತಿಂಗಳ ಹಿಂದೆಯೇ ಮುಗಿದಿದ್ದರಿಂದ ಇದು ಕಾಕತಾಳೀಯವಷ್ಟೆ. ಆದರೆ ಆ ವಾರ ಟಿವಿ ಮುಂದೆ ಕುಳಿತವರಿಗೆ ಎರಡೂ ಒಟ್ಟಿಗೇ ಕೇಳಿಸಿರಬೇಕು. ಯುದ್ಧವಿರೋಧಿ ಚಳವಳಿಯ ಪ್ರಸ್ತಾಪ ಉದ್ದೇಶಪೂರ್ವಕವೇ ಎಂದು 1992ರಲ್ಲಿ ಕೇಳಿದಾಗ ನಿರ್ಮಾಪಕ ವರ್ಗದ ರಾಬರ್ಟ್ ಜಸ್ಟ್‌ಮನ್ ಹೌದೆಂದೇ ಉತ್ತರಿಸಿದ್ದರು. ಹಾಗಾದರೆ ಕಂತು ಯುದ್ಧದ ಪರವೇ? ಕಥೆಯೊಳಗೆ ಕರ್ಕ್ ಆಕೆ ಹೇಳಿದ್ದು ಸರಿ, ಶಾಂತಿಯೇ ದಾರಿ ಎನ್ನುತ್ತಾನೆ. ಸರಿ, ಆದರೆ ಕಾಲ ತಪ್ಪಾಗಿತ್ತು ಎಂದು ಸ್ಪಾಕ್ ಸೇರಿಸುತ್ತಾನೆ. ಈ ಸಂಭಾಷಣೆಯನ್ನು ಹಿಡಿದು ಕೆಲವರು ಕಂತನ್ನು ಸಮರ್ಥಿಸುತ್ತಾರೆ. ನನಗೆ ಆ ಸಮರ್ಥನೆ ಅಷ್ಟಾಗಿ ಒಗ್ಗುವುದಿಲ್ಲ, ಏಕೆಂದರೆ ಶಾಂತಿವಾದಿಗಳಿಗೆ ಯಾವ ಯುದ್ಧದ ಕಾಲದಲ್ಲೂ ಅಧಿಕಾರದಲ್ಲಿರುವವರು ಹೇಳುತ್ತಾ ಬಂದಿರುವುದು ಇದನ್ನೇ: ಸರಿ, ಆದರೆ ಈಗಲ್ಲ.

ಎರಡರಲ್ಲಿ ಯಾವುದು ಮೇಲು ಎಂದು ತೀರ್ಮಾನಿಸಲು ಅಭಿಮಾನಿಗಳು ಪ್ರಶಸ್ತಿಗಳನ್ನು ಸಾಕ್ಷಿಗೆ ಕರೆಯುವುದುಂಟು. ಆ ಸಾಕ್ಷಿ ಎರಡು ನಾಲಿಗೆಯದು. 1968ರಲ್ಲಿ ವಿಜ್ಞಾನ ಕಥಾ ಲೋಕದ ಹ್ಯೂಗೋ ಪ್ರಶಸ್ತಿ ಈ ಕಂತಿಗೆ ಬಂತು. ಆ ವರ್ಷ ದೃಶ್ಯ ವಿಭಾಗದ ಅಂತಿಮ ಪಟ್ಟಿಯಲ್ಲಿದ್ದ ಐದೂ ‘ಸ್ಟಾರ್ ಟ್ರೆಕ್’ ಕಂತುಗಳೇ. ಓದುಗರೂ ವೀಕ್ಷಕರೂ ಮತ ಹಾಕಿದ್ದು ತಾವು ಕಂಡಿದ್ದಕ್ಕೆ, ಅಂದರೆ ತಿದ್ದಿದ ಆವೃತ್ತಿಗೆ. ಅದೇ ವರ್ಷ ರೈಟರ್ಸ್ ಗಿಲ್ಡ್ ಆಫ್ ಅಮೆರಿಕ ಅತ್ಯುತ್ತಮ ನಾಟಕೀಯ ಕಂತಿನ ಬರವಣಿಗೆಗಾಗಿ ಪ್ರಶಸ್ತಿ ಕೊಟ್ಟಿತು. ಎಲಿಸನ್ ಅದಕ್ಕೆ ಸಲ್ಲಿಸಿದ್ದು ತಮ್ಮ ಮೂಲವನ್ನು. ಒಂದೇ ಶೀರ್ಷಿಕೆ, ಒಂದೇ ಹೆಸರು, ಎರಡು ಪ್ರಶಸ್ತಿ. ಆದರೆ ಪುರಸ್ಕೃತವಾದದ್ದು ಎರಡು ಬೇರೆ ಬೇರೆ ಪಠ್ಯ. ಸಾಲದ್ದಕ್ಕೆ ಗಿಲ್ಡ್ ಬರಹಗಾರರ ಸಂಘ, ಅಲ್ಲಿ ತೀರ್ಪುಗಾರರು ಓದುವುದು ಹಾಳೆಯನ್ನು. ಹ್ಯೂಗೋ ಅಭಿಮಾನಿಗಳ ಪ್ರಶಸ್ತಿ, ಅಲ್ಲಿ ಗೆದ್ದದ್ದು ಈಡಿತ್ ಆಗಿದ್ದ ಜೋನ್ ಕಾಲಿನ್ಸ್‌ರ ಮುಖ, ಕರ್ಕ್ ಆಗಿದ್ದ ಶಾಟ್ನರ್‌ರ ಮೌನ, ಸ್ಪಾಕ್ ಆಗಿದ್ದ ನಿಮೊಯ್‌ರ ಆ ಕೊನೆಯ ಮಾತೂ ಸೇರಿದ ಒಂದು ಕೃತಿ. ನಟರಿಲ್ಲದ ಪಠ್ಯವನ್ನು ನಟರಿರುವ ಪಠ್ಯದೊಂದಿಗೆ ಸ್ಪರ್ಧೆಗೆ ಇಳಿಸುವ ಈ ಅಸಮತೆ ಅಭಿಮಾನಿಗಳ ವಾದದಲ್ಲೂ ಇದೆ.

ಇಷ್ಟಕ್ಕೂ ತಿದ್ದಿದವರು ಯಾರು? ಈ ಪ್ರಶ್ನೆಗೆ ತೆರೆ ಉತ್ತರ ಕೊಡುವುದಿಲ್ಲ. ಕಥಾ ಸಂಪಾದಕ ಸ್ಟೀವನ್ ಕ್ಯಾರಬಾಟ್ಸೋಸ್ ಒಮ್ಮೆ ಕೈಯಾಡಿಸಿದರು. ಎಲಿಸನ್‌ರೇ ಕೆಲವು ಬಾರಿ ತಿದ್ದಿಕೊಟ್ಟರು. ನಂತರ ನಿರ್ಮಾಪಕ ಜೀನ್ ಎಲ್. ಕೂನ್, ಆಮೇಲೆ ಡಿ. ಸಿ. ಫಾಂಟಾನಾ, ಕೊನೆಗೆ ರಾಡನ್‌ಬೆರಿ. ಮೆಕಾಯ್‌ಗೆ ಆಗುವ ಔಷಧದ ಅವಘಡವನ್ನು, ಕಾರ್ಡ್ರಜೀನ್ ಎಂಬ ಹೆಸರಿನ ಸಮೇತ, ತಂದವರು ಫಾಂಟಾನಾ. ಅಂದರೆ ವೈದ್ಯನನ್ನು ಆ ಬೀದಿಗೆ ತಂದು ನಿಲ್ಲಿಸಿ, ಕರ್ಕ್‌ನ ತೋಳುಗಳಿಗೆ ಆ ಕೆಲಸ ಕೊಡುವ ದಾರಿ ತೆರೆದದ್ದರಲ್ಲಿ ಅವರ ಪಾಲು ದೊಡ್ಡದು. ರಾಡನ್‌ಬೆರಿಯವರ ಕಾರ್ಯದರ್ಶಿಯಾಗಿ ಸೇರಿ, ಆ ಧಾರಾವಾಹಿಯ ಕಥಾ ಸಂಪಾದಕಿಯಾಗಿ ಬೆಳೆದ ಅವರು, ಎಲಿಸನ್‌ರ ಸ್ನೇಹಿತೆ ಕೂಡ. ತಾನು ಈ ಚಿತ್ರಕಥೆಗೆ ಕೈಹಾಕಿದ್ದನ್ನು ಅವರು ಬಹಳ ವರ್ಷ ಎಲಿಸನ್‌ರಿಗೆ ತಿಳಿಸಿರಲಿಲ್ಲ; ಎಲಿಸನ್ ತಂದ ಪುಸ್ತಕದ ಕೊನೆಯಲ್ಲಿ ಅವರ ಬರಹವೂ ಇದೆ. 2019ರ ಡಿಸೆಂಬರ್‌ನಲ್ಲಿ ಫಾಂಟಾನಾ ತೀರಿಕೊಂಡರು. ಎಲಿಸನ್‌ಗೆ ಆದ ಅನ್ಯಾಯದ ಬಗ್ಗೆ ಪುಟಗಟ್ಟಲೆ ಬರೆಯುವವರು, ಅತ್ಯುತ್ತಮವೆಂದು ಎಲ್ಲರೂ ಹೊಗಳುವ ಆವೃತ್ತಿಯನ್ನು ರೂಪಿಸಿದವರಲ್ಲಿ ಒಬ್ಬರಾದ ಈ ಲೇಖಕಿಯ ಹೆಸರು ಅದರಲ್ಲಿಲ್ಲದ್ದನ್ನು ಅಷ್ಟಾಗಿ ಗಮನಿಸುವುದಿಲ್ಲ.

ಎಲಿಸನ್ ತಮ್ಮ ಹೆಸರೇ ಬೇಡವೆಂದಿದ್ದರು ಎಂಬುದು ಇದಕ್ಕೆ ಸೇರಿಕೊಂಡ ವ್ಯಂಗ್ಯ. ಕೆಲಸ ಕೆಟ್ಟಿದೆಯೆಂದು ಅನಿಸಿದಲ್ಲಿ ಅವರು ಬಳಸುತ್ತಿದ್ದ ಗುಪ್ತನಾಮ ಕಾರ್ಡ್‌ವೇನರ್ ಬರ್ಡ್. ಅದನ್ನೇ ಇಲ್ಲಿಯೂ ಹಾಕಬೇಕೆಂದು ಕೇಳಿದರು. ಆ ಹೆಸರಿನ ಅರ್ಥ ವಿಜ್ಞಾನ ಕಥೆಗಾರರಿಗೆಲ್ಲ ಗೊತ್ತಿದ್ದುದರಿಂದ ರಾಡನ್‌ಬೆರಿ ಒಪ್ಪಲಿಲ್ಲ. ಇದೇ ಎಲಿಸನ್, 1966ರ ಡಿಸೆಂಬರ್‌ನಲ್ಲಿ, ಧಾರಾವಾಹಿ ನಿಂತುಹೋಗದಂತೆ ವಾಹಿನಿಗೆ ಪತ್ರ ಬರೆಯಿರೆಂದು ಕೋರುವ ಮನವಿಯನ್ನು ಪೌಲ್ ಆಂಡರ್ಸನ್, ಫ್ರಾಂಕ್ ಹರ್ಬರ್ಟ್, ಥಿಯೊಡೋರ್ ಸ್ಟರ್ಜನ್ ಮೊದಲಾದ ಲೇಖಕರ ಹೆಸರುಗಳೊಡನೆ ಹೊರಡಿಸಿದ್ದರು. ಒಂದು ಕಡೆ ಧಾರಾವಾಹಿಯನ್ನು ಉಳಿಸುವ ಓಡಾಟ, ಇನ್ನೊಂದು ಕಡೆ ಅದರೊಳಗಿನ ತನ್ನ ಕಥೆಗಾಗಿ ಕಾದಾಟ, ಎರಡೂ ಒಂದೇ ಚಳಿಗಾಲದಲ್ಲಿ ನಡೆದವು.

ಹಣದ ಪಾಲಿನ ಜಗಳ ಇನ್ನೂ ತಡವಾಗಿ ನ್ಯಾಯಾಲಯ ಮುಟ್ಟಿತು. ಕಂತನ್ನು ಆಧರಿಸಿ ಬಂದ ಕಾದಂಬರಿಗಳು, ಅಲಂಕಾರದ ಆಟಿಕೆ ಮುಂತಾದವುಗಳ ಆದಾಯದಲ್ಲಿ ತಮಗೆ ಪಾಲು ಸಲ್ಲಬೇಕೆಂದು 2009ರ ಮಾರ್ಚ್‌ನಲ್ಲಿ ಎಲಿಸನ್ ಸ್ಟುಡಿಯೋ ವಿರುದ್ಧ ದಾವೆ ಹೂಡಿದರು. ತನ್ನ ಪರ ನಿಲ್ಲಲಿಲ್ಲವೆಂದು ಗಿಲ್ಡ್ ಮೇಲೂ ಹೂಡಿ, ಅದರಿಂದ ಕೇಳಿದ್ದು ಒಂದೇ ಒಂದು ಡಾಲರ್. ಅದೇ ವರ್ಷದ ಅಕ್ಟೋಬರ್‌ನಲ್ಲಿ ರಾಜಿಯಾಯಿತು.

ನಮ್ಮಲ್ಲಿ ‘ಸ್ಟಾರ್ ಟ್ರೆಕ್’ 1980ರ ದಶಕದಲ್ಲಿ ದೂರದರ್ಶನದ ಮೂಲಕ ಮನೆಗಳಿಗೆ ಬಂದಾಗ ಈ ಜಗಳದ ಸುಳಿವು ನೋಡುಗರಿಗೆ ಸಿಗುವಂತಿರಲಿಲ್ಲ. ಕನ್ನಡ ಸಿನಿಮಾಗಳ ಶೀರ್ಷಿಕೆ ಫಲಕಗಳಲ್ಲಿ ಕಥೆ, ಚಿತ್ರಕಥೆ, ಸಂಭಾಷಣೆ ಎಂದು ಬೇರೆ ಬೇರೆ ಸಾಲುಗಳನ್ನು ಓದಿ ಅಭ್ಯಾಸವಾದವರಿಗೆ, ಐದು ಜನರ ಕೈಹಾದು ಬಂದ ಬರವಣಿಗೆಯ ಮುಂದೆ ಒಂದೇ ಹೆಸರಿರುವುದು ವಿಚಿತ್ರವಾಗಿಯೇ ತೋರುತ್ತದೆ. ಆದರೆ ಅದಕ್ಕೆ ಕಾರಣವಿದೆ. ನಿರ್ಮಾಪಕರು ನಾಲ್ಕು ಸಾಲು ತಿದ್ದಿ ತಮ್ಮ ಹೆಸರನ್ನೂ ತೂರಿಸಿ, ಸಂಭಾವನೆಯಲ್ಲಿ ಪಾಲು ಕೇಳುವುದನ್ನು ತಡೆಯಲೆಂದೇ ಗಿಲ್ಡ್‌ನ ನಿಯಮಗಳು ಮೊದಲು ಬರೆದವರ ಪರವಾಗಿ ವಾಲುತ್ತವೆ. ಹೊರಗಿನಿಂದ ಬಂದು ಬರೆಯುವ ದುರ್ಬಲ ಲೇಖಕನನ್ನು ಕಾಯುವ ನಿಯಮ ಅದು, ಮತ್ತು ಬಹುಪಾಲು ಸಂದರ್ಭಗಳಲ್ಲಿ ನ್ಯಾಯವಾದದ್ದೇ. ಈ ಒಂದು ಕಂತಿನಲ್ಲಿ ಮಾತ್ರ ಅದು ತಲೆಕೆಳಗಾಗಿ ಕೆಲಸ ಮಾಡಿತು: ಹೆಸರು ಬೇಡವೆಂದವರಿಗೆ ಅದು ಅಂಟಿಕೊಂಡಿತು, ಹೆಸರಿಗೆ ಅರ್ಹರಾದವರು ಮರೆಯಲ್ಲಿ ಉಳಿದರು.

2023ರ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಹಾಲಿವುಡ್ ಲೇಖಕರು 148 ದಿನ ಮುಷ್ಕರ ನಡೆಸಿ ಪಡೆದ ಒಪ್ಪಂದದಲ್ಲಿ, ಕೃತಕ ಬುದ್ಧಿಮತ್ತೆ ಬರೆದುಕೊಟ್ಟದ್ದನ್ನು ಸಾಹಿತ್ಯ ಸಾಮಗ್ರಿಯೆಂದು ಪರಿಗಣಿಸತಕ್ಕದ್ದಲ್ಲ ಎಂಬ ಷರತ್ತು ಸೇರಿತು. ಯಂತ್ರ ಹೆತ್ತ ಕರಡನ್ನು ತಿದ್ದಿಕೊಡುವ ಕೆಲಸಕ್ಕೆ ಲೇಖಕರನ್ನು ಇಳಿಸಿ, ಅವರ ಹೆಸರನ್ನೂ ಸಂಭಾವನೆಯನ್ನೂ ತಗ್ಗಿಸುವ ಸಾಧ್ಯತೆಗೆ ಅದು ಹಾಕಿದ ಬೇಲಿ. ಮನುಷ್ಯರು ಮನುಷ್ಯರ ಬರಹವನ್ನು ತಿದ್ದುವ ಹಳೆಯ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಧಾರಾವಾಹಿಯ ಮುಖ್ಯಸ್ಥರು ಇತರರ ಕರಡನ್ನು ಅಡಿಯಿಂದ ಮುಡಿಯವರೆಗೆ ಬದಲಿಸಿ ಹೆಸರು ಹಾಕಿಕೊಳ್ಳದಿರುವುದು ಅಲ್ಲಿ ಇಂದಿಗೂ ನಡೆದುಬಂದ ರೂಢಿ. ಎಲಿಸನ್ ಪರ, ರಾಡನ್‌ಬೆರಿ ಪರ ಎಂದು ಸಾಲು ಕಟ್ಟುವ ಬದಲು ಅಭಿಮಾನಿಗಳು 1966ರ ಜೂನ್‌ನ ಕರಡಿನಿಂದ 1967ರ ಫೆಬ್ರವರಿಯ ಕೊನೆಯ ಪ್ರತಿಯವರೆಗೆ ಯಾವ ಸಾಲು ಯಾರ ಕೈಯಲ್ಲಿ ಹುಟ್ಟಿತು, ಯಾರ ಕೈಯಲ್ಲಿ ಸತ್ತಿತು ಎಂದು ಹುಡುಕತೊಡಗಿದರೆ ಈ ಚರ್ಚೆಗೆ ಇನ್ನೂ ಬಹಳ ಕೆಲಸ ಬಾಕಿಯಿದೆ. ಮೊದಲು ಹುಡುಕಬೇಕಾದದ್ದು ಟ್ರೂಪರ್‌ನನ್ನು ತೆಗೆದುಹಾಕಿದ ಕೈಯನ್ನು.